ಇಂಗ್ಲಿಷಿನ ಬಾಲಂಗೋಚಿಗಳು

ಇಂಗ್ಲಿಷ್ ಕಲಿಯಹೊರಟ ನಮ್ಮಂಥವರಿಗೆ ದೊಡ್ಡ ಶಬ್ದಗಳಿಂದ ಒದಗುವ ಕಷ್ಟ ಅಷ್ಟೇನೂ ದೊಡ್ಡದಲ್ಲ. 'ಇನ್‌ವೆಸ್ಟಿಗೇಷನ್' ಎಂಬಂಥ ಶಬ್ದ ಎದುರಾದರೆ ನಾವು ಕೂಡಲೇ ಎಚ್ಚರಗೊಳ್ಳುತ್ತೇವೆ. ಯಾರೋ ಹೊಸಬರು ಬಾಗಿಲಿಗೆ ಬಂದಿದ್ದಾರೆಂದು ತಿಳಿದು ನಿಘಂಟನ್ನು ತೆರೆಯುತ್ತೇವೆ. ಅರ್ಥ ಸಿಕ್ಕುತ್ತದೆ, ಅಲ್ಲಿಗೆ ಆ ವ್ಯವಹಾರ ಮುಗಿಯಿತು. ನಿಜವಾದ ತೊಂದರೆ ಕೊಡುವುವು ಮನೆಯವರಂತೆ ಕಾಣುವ ಸಣ್ಣ ಸಣ್ಣ ಪದಗಳು. 'ಗಿವ್', 'ಟೇಕ್', 'ಪುಟ್', 'ಲುಕ್' ಮೊದಲಾದುವನ್ನು ನಾವು ಪ್ರಾಥಮಿಕ ಶಾಲೆಯಲ್ಲಿಯೇ ಕಲಿತವರು. 'ಅಪ್', 'ಆಫ್', 'ಇನ್', 'ಔಟ್' ಎಂಬುವಂತೂ ಕೂಲಿಯಾಳಿನಿಂದ ಹಿಡಿದು ಕಲೆಕ್ಟರರವರೆಗೆ ಎಲ್ಲರಿಗೂ ಗೊತ್ತು. ಆದರೆ ಈ ಎರಡು ಜಾತಿಯ ಪದಗಳು ಜೊತೆಗೂಡಿದುವೆಂದರೆ, ಗುರುತು ಪರಿಚಯವನ್ನೆಲ್ಲ ಮರೆತು, ನಮ್ಮನ್ನು ಕಂಡೂ ಕಾಣದವರಂತೆ ಹೋಗಿಬಿಡುತ್ತವೆ. 'ಗಿವ್' ಎಂದರೆ ಕೊಡು, 'ಅಪ್' ಎಂದರೆ ಮೇಲೆ. ಕೂಡಿಸಿದರೆ 'ಮೇಲೆ ಕೊಡು' ಎಂದಾಗಬೇಕಷ್ಟೆ? ಆಗುವುದಿಲ್ಲ, 'ಬಿಟ್ಟುಬಿಡು' ಎಂದಾಗುತ್ತದೆ. 'ಪುಟ್ ಅಪ್ ವಿತ್' ಎಂದರೆ ಸಹಿಸಿಕೊಳ್ಳುವುದಂತೆ. ಇಟ್ಟದ್ದು ಏನು, ಮೇಲೆ ಎಂದರೆ ಎಲ್ಲಿ, ಜೊತೆಗೆ ಯಾರು ಎಂದೆಲ್ಲ ಕೇಳಬಾರದು. ಸಹಿಸಿಕೊಳ್ಳಬೇಕು.

ಇವಕ್ಕೆ ವ್ಯಾಕರಣದಲ್ಲಿ 'ಫ್ರೇಸಲ್ ವರ್ಬ್' ಎಂದು ಹೆಸರು. ಈ ಹೆಸರು ಜನರ ಬಳಕೆಗೆ ಬಂದದ್ದು 1925ರಲ್ಲಿ ಲೋಗನ್ ಪಿಯರ್‌ಸಾಲ್ ಸ್ಮಿತ್ ಎಂಬ ವಿದ್ವಾಂಸ ಬರೆದ ಒಂದು ಪುಸ್ತಕದಿಂದ. ಹೆಸರು ಹೊಸದಾದರೂ ಕಷ್ಟ ಹಳೆಯದು. 1755ರಲ್ಲಿ ಡಾಕ್ಟರ್ ಜಾನ್ಸನ್ ತನ್ನ ಪ್ರಸಿದ್ಧ ನಿಘಂಟನ್ನು ಪ್ರಕಟಿಸಿದಾಗ, ಕ್ರಿಯಾಪದದ ಹಿಂದೆ ಸಣ್ಣದೊಂದು ಪದ ಸೇರಿ ಅರ್ಥವೇ ಬೇರೆಯಾಗುವ ಈ ಪ್ರಯೋಗ ಪರದೇಶೀಯರನ್ನು ಬಹಳವಾಗಿ ಕಾಡುವುದೆಂದು ಮುನ್ನುಡಿಯಲ್ಲಿ ಒಪ್ಪಿಕೊಂಡು, ಅಂಥವನ್ನು ಶ್ರಮವಹಿಸಿ ಗುರುತು ಮಾಡಿದ್ದಾನೆ. ಸುಮಾರು ಇನ್ನೂರೆಪ್ಪತ್ತು ವರ್ಷಗಳ ಹಿಂದೆಯೇ ನಮ್ಮ ಪರವಾಗಿ ಒಬ್ಬ ಮಹಾನುಭಾವ ಮರುಕಪಟ್ಟಿದ್ದನೆಂಬುದು ಸಮಾಧಾನದ ಸಂಗತಿ. ಪರೀಕ್ಷೆಯಲ್ಲಿ ಅದಕ್ಕೆ ಅಂಕ ಬರುವುದಿಲ್ಲ, ಅಷ್ಟೆ.

ನಾನು ಇವನ್ನು ಬಾಲಂಗೋಚಿಗಳೆಂದು ಕರೆಯುತ್ತೇನೆ. ಆಷಾಢದ ಗಾಳಿಯಲ್ಲಿ ಗಾಳಿಪಟ ಹಾರಿಸಿದವರಿಗೆಲ್ಲ ಇದರ ಮರ್ಮ ತಿಳಿದಿದೆ. ಪಟ ಎಷ್ಟೇ ಚೆನ್ನಾಗಿರಲಿ, ಹಳೆಯ ಸೀರೆಯ ಚೂರೊಂದನ್ನು ಬಾಲವಾಗಿ ಕಟ್ಟದಿದ್ದರೆ ಅದು ಗಿರಕಿ ಹೊಡೆದು ನೆಲಕ್ಕೆ ಬೀಳುತ್ತದೆ. ಬಾಲ ಉದ್ದವಾದರೆ ಒಂದು ನಡೆ, ಗಿಡ್ಡವಾದರೆ ಇನ್ನೊಂದು ನಡೆ. ಇಂಗ್ಲಿಷಿನ ಸಣ್ಣ ಕ್ರಿಯಾಪದಗಳೂ ಹಾಗೆಯೇ. 'ಲುಕ್' ಎಂಬ ಒಂದೇ ಪಟಕ್ಕೆ 'ಫಾರ್' ಕಟ್ಟಿದರೆ ಹುಡುಕು, 'ಆಫ್ಟರ್' ಕಟ್ಟಿದರೆ ಪೋಷಿಸು, 'ಇಂಟು' ಕಟ್ಟಿದರೆ ವಿಚಾರಿಸು, 'ಡೌನ್ ಆನ್' ಕಟ್ಟಿದರೆ ಕೀಳಾಗಿ ಕಾಣು. 1930ರಲ್ಲಿ ಸಿ. ಕೆ. ಆಗ್ಡೆನ್ ಎಂಬಾತ ಪರದೇಶೀಯರಿಗಾಗಿ ಇಂಗ್ಲಿಷನ್ನು ಸುಲಭಗೊಳಿಸಹೊರಟು, 850 ಶಬ್ದಗಳ 'ಬೇಸಿಕ್ ಇಂಗ್ಲಿಷ್' ಎಂಬುದನ್ನು ರಚಿಸಿದ. ಅದರಲ್ಲಿ ಕ್ರಿಯಾಪದಗಳು ಕೇವಲ 18. ಅಷ್ಟರಿಂದಲೇ ಲೋಕವ್ಯವಹಾರ ಹೇಗೆ ಸಾಗೀತು ಎಂದರೆ, ಆ ಹದಿನೆಂಟಕ್ಕೂ ಬಗೆಬಗೆಯ ಬಾಲಗಳನ್ನು ಕಟ್ಟಿ ಹಾರಿಸುವುದರಿಂದ! ಸುಲಭ ಮಾಡಹೊರಟವನೂ ಬಾಲಂಗೋಚಿಯನ್ನು ಬಿಡಲಾಗಲಿಲ್ಲವೆಂದ ಮೇಲೆ, ಅದು ಭಾಷೆಯ ಅಲಂಕಾರವಲ್ಲ, ಅದರ ಬೆನ್ನೆಲುಬು ಎಂದೇ ತಿಳಿಯಬೇಕು.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಬಸ್ಸುಗಳು ಬೆಳಗ್ಗೆ ತಂದಿಳಿಸಿ ಸಂಜೆ ಹೊತ್ತೊಯ್ಯುವ ವಿದ್ಯಾರ್ಥಿಗಳು ನಾವು. ನಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವರು ನಾವೇ ಮೊದಲಿಗರು. 'ಇಂಗ್ಲಿಷ್ ನಮಗೆ ಗೊತ್ತಿಲ್ಲ' ಎಂಬ ಮಾತು ನಮ್ಮ ಬಾಯಲ್ಲಿ ಜಪದಂತೆ ನಿಂತಿದೆ. ಆದರೆ ನಾಗಮಂಗಲದಿಂದ ಪಾಂಡವಪುರದ ಕಡೆಗೆ ಬರುವ ಬಸ್ಸಿನಲ್ಲಿ ಕಿವಿ ತೆರೆದು ಕುಳಿತರೆ ಈ ಜಪದ ಬಗ್ಗೆ ಸಂಶಯ ಹುಟ್ಟುತ್ತದೆ. 'ಗಾಡಿ ಜಕ್ಕನಹಳ್ಳಿ ತಾವ ಬ್ರೇಕ್‌ಡೌನ್ ಆಗದೆ' ಎನ್ನುತ್ತಾರೆ ಕಂಡಕ್ಟರು. 'ಈ ಬಸ್ಸಿಗೆ ಪಿಕಪ್ಪೇ ಇಲ್ಲ' ಎನ್ನುತ್ತಾರೆ ಹಿಂದಿನ ಸೀಟಿನ ಹಿರಿಯರು. ಆಸ್ಪತ್ರೆಗೆ ಹೊರಟ ಅಮ್ಮನವರು 'ಚೆಕಪ್ಪಿಗೆ ಹೊಂಟಿವ್ನಿ ಕಣವ್ವ' ಎನ್ನುತ್ತಾರೆ. ಜಗಳವಾಡಿದವನು 'ಲಾಕಪ್ಪಿ'ನಲ್ಲಿ ಕುಳಿತಿರುತ್ತಾನೆ. ಊರಹಬ್ಬದ ಕುರುಕ್ಷೇತ್ರ ನಾಟಕಕ್ಕೆ 'ಮೇಕಪ್ಪಿ'ನವರು ಬಂದು ನಮ್ಮೂರಿನ ಸಾಧು ರೈತನೊಬ್ಬನನ್ನು ದುರ್ಯೋಧನನನ್ನಾಗಿ ಮಾಡುತ್ತಾರೆ. ಇವೆಲ್ಲ ಯಾವುವು? ಬ್ರೇಕ್ ಡೌನ್, ಪಿಕ್ ಅಪ್, ಚೆಕ್ ಅಪ್, ಲಾಕ್ ಅಪ್, ಮೇಕ್ ಅಪ್ ಎಂಬ ಬಾಲಂಗೋಚಿಗಳೇ. ನಾಮಪದಗಳ ವೇಷ ಹಾಕಿಕೊಂಡು ಹಳ್ಳಿಗೆ ಬಂದಿವೆ. ಪಿಕಪ್ಪಿನ ವೈಭವವನ್ನಂತೂ ನೋಡಬೇಕು: ತರಕಾರಿ ಸಾಗಿಸುವ ಗಾಡಿಯೂ ಪಿಕಪ್ಪು, ಗಾಡಿಯ ಕಸುವೂ ಪಿಕಪ್ಪು, ನೆಂಟರನ್ನು ರೈಲ್ವೆ ಸ್ಟೇಷನ್ನಿನಿಂದ ಕರೆತರುವುದೂ ಪಿಕಪ್ಪು. ಮೊನ್ನೆ ಒಬ್ಬರು ಮಗನಿಗೆ ಫೋನು ಮಾಡಿ ಸಾಕಾಗಿ, 'ಸ್ವಿಚ್ ಆಫ್ ಆಗೋಗ್ಬುಟ್ಟದೆ' ಎಂದರು. ವಿಶ್ಲೇಷಿಸಿ ನೋಡಿದೆ. ಒಂದು ಇಂಗ್ಲಿಷ್ ಕ್ರಿಯಾಪದ, ಅದಕ್ಕೊಂದು ಇಂಗ್ಲಿಷ್ ಬಾಲ, ಅದರ ಹಿಂದೆ ಆಗು, ಹೋಗು, ಬಿಡು ಎಂಬ ಮೂರು ಕನ್ನಡದ ಬಾಲಗಳು! ಲಂಡನ್ನಿನ ಪಂಡಿತನೂ ಇಷ್ಟು ಉದ್ದದ ಬಾಲವನ್ನು ಕಟ್ಟಲಾರ.

ಹಾಗಿದ್ದರೆ ನಮಗೆ ಏಕೆ ಭಯ? ಇದಕ್ಕೆ ಉತ್ತರವಾಗಿ ನನ್ನ ಭಾವನ ವಿಷಯವನ್ನು ಹೇಳಬೇಕು. ಭಾವನೆಂದರೆ ನನ್ನ ಸೋದರತ್ತೆಯ ಮಗ, ಕೃಷ್ಣರಾಜಪೇಟೆ ತಾಲ್ಲೂಕಿನವನು, ನನಗಿಂತ ಎರಡು ವರ್ಷ ಹಿರಿಯ. ಬಿ.ಎ. ಮುಗಿಸಿ ಬೆಂಗಳೂರಿನ ಒಂದು ಕಂಪೆನಿಗೆ ಅರ್ಜಿ ಹಾಕಿದ್ದ. ಸೋಮವಾರ ಸಂದರ್ಶನವೆಂದು ಮೊದಲು ತಿಳಿಸಿದ್ದರು. ಆ ಬಳಿಕ ಅವನ ಫೋನಿಗೆ ಇಂಗ್ಲಿಷಿನಲ್ಲಿ ಇನ್ನೊಂದು ಒಕ್ಕಣೆ ಬಂತು: ಸೋಮವಾರದ ಇಂಟರ್‌ವ್ಯೂ 'ಹ್ಯಾಸ್ ಬೀನ್ ಕಾಲ್ಡ್ ಆಫ್' ಎಂದು. ಭಾವ ಅದನ್ನು ಎರಡು ಸಲ ಓದಿದ. ಇಂಟರ್‌ವ್ಯೂ ಇತ್ತು, ಮಂಡೆ ಇತ್ತು, ಕಾಲ್ಡ್ ಇತ್ತು. ಇನ್ನೇನು ಬೇಕು? ಕರೆದಿದ್ದಾರೆಂದು ನಿಶ್ಚಯವಾಯಿತು. ಆಗ ಭತ್ತದ ಕುಯ್ಲಿನ ಕಾಲ. ಅತ್ತೆ ಅವನ ಬದಲಿಗೆ ಕೂಲಿಯವರನ್ನು ಗೊತ್ತುಮಾಡಿ, ರೊಟ್ಟಿ ಹುಚ್ಚೆಳ್ಳು ಚಟ್ನಿ ಕಟ್ಟಿಕೊಟ್ಟು, ದೇವರಿಗೆ ದೀಪ ಹಚ್ಚಿ ಕಳಿಸಿದರು. ನಸುಕಿನ ಬಸ್ಸಿಗೆ ಹೋದವನು ಕಂಪೆನಿಯ ಬಾಗಿಲಲ್ಲಿ ನಿಂತ. ಬಾಗಿಲು ಕಾಯುವವರು ಬಡಗಣ ಸೀಮೆಯವರು; ಅವನ ಫೋನನ್ನು ತಿರುಗಿಸಿ ನೋಡಿ, 'ಇವತ್ತ ಇಲ್ಲರೀ ತಮ್ಮಾ, ಕ್ಯಾನ್ಸಲ್ ಆಗೇದ' ಎಂದರಂತೆ.

ರಾತ್ರಿ ಮನೆಗೆ ಬಂದವನು ನನ್ನನ್ನು ಕೇಳಿದ: 'ಕಾಲ್ಡ್ ಅಂತ ಬರ್ದವ್ರೆ. ಕರ್ದವ್ರೆ ಅಂತ ತಾನೆ ಅರ್ಥ?'

ನನ್ನನ್ನು ದಂಗುಬಡಿಸಿದ್ದು ಅದಲ್ಲ. ಅವನ ಹಳೆಯ ನೋಟುಪುಸ್ತಕವನ್ನು ತೆಗೆದು ನೋಡಿದೆವು. ಗೈಡಿನಿಂದ ಇಳಿಸಿಕೊಂಡ ಪಟ್ಟಿಯಲ್ಲಿ, 'ಬ್ರಿಂಗ್ ಅಪ್'ನ ಕೆಳಗೆ, ಕೆಂಪು ಗೆರೆ ಎಳೆದು 'ಕಾಲ್ ಆಫ್ = ರದ್ದುಮಾಡು' ಎಂದು ಅವನದೇ ಗುಂಡಗಿನ ಅಕ್ಷರದಲ್ಲಿ ಬರೆದಿತ್ತು. ಅದು ಪರೀಕ್ಷೆಗೂ ಬಂದಿತ್ತು, ಅವನು ಬರೆದಿದ್ದ, ಅಂಕವೂ ದೊರೆತಿತ್ತು. ಪಟ್ಟಿಯಲ್ಲಿ ಕಂಠಪಾಠವಾಗಿದ್ದದ್ದು ವಾಕ್ಯದಲ್ಲಿ ಎದುರಾದಾಗ ಗುರುತು ಸಿಕ್ಕಲಿಲ್ಲ. ಫೋಟೋದಲ್ಲಿ ಮಾತ್ರ ನೋಡಿದ ನೆಂಟನನ್ನು ಸಂತೆಯಲ್ಲಿ ಗುರುತು ಹಿಡಿಯಲಾಗದಂತೆ ಇದು. ಭಾವ ಪುಸ್ತಕವನ್ನು ಮುಚ್ಚಿ, 'ಇಂಗ್ಲಿಷು ನಮ್ಮಂಥೋರಿಗಲ್ಲ ಬುಡು' ಎಂದ. ಹೊಸ ತಾರೀಕು ಬಂದಾಗ ಅವನು ಹೋಗಲೇ ಇಲ್ಲ. ಅತ್ತೆ ಎರಡು ದಿನ ಸರಿಯಾಗಿ ಊಟಮಾಡಲಿಲ್ಲ. ಒಂದು 'ಆಫ್' ಎಂಬ ಪದ ಒಂದು ಮನೆಯಲ್ಲಿ ಮಾಡಿದ ಕೆಲಸ ಇದು. ಹಾಸ್ಯಕ್ಕೆಂದು ಹಿಡಿದ ವಿಷಯದಲ್ಲಿ ನಾನು ಇಷ್ಟು ಶ್ರದ್ಧೆ ವಹಿಸಲು ಇದೇ ಕಾರಣ.

'ನಮ್ಮಂಥೋರಿಗಲ್ಲ' ಎಂಬ ಮಾತು ನಿಜವೇ? ಇದನ್ನು ಕುರಿತು ಯೋಚಿಸುತ್ತ ಹೋದಂತೆ ನನಗೆ ಒಂದು ಸೋಜಿಗ ಕಂಡಿತು. ಬಾಲಂಗೋಚಿಯ ವಿದ್ಯೆಯಲ್ಲಿ ಕನ್ನಡಿಗರು ಇಂಗ್ಲಿಷಿನವರಿಗೆ ಏನೇನೂ ಕಡಿಮೆಯಲ್ಲ. ಅವರು ಕ್ರಿಯಾಪದಕ್ಕೆ 'ಅಪ್', 'ಆಫ್' ಕಟ್ಟಿದರೆ ನಾವು ಇನ್ನೊಂದು ಕ್ರಿಯಾಪದವನ್ನೇ ಕಟ್ಟುತ್ತೇವೆ. 'ಮಗೂನ ನೋಡು' ಎಂದರೆ ಕಣ್ಣಿನ ಕೆಲಸ. 'ಮಗೂನ ನೋಡಿಕೊ' ಎಂದರೆ ಹಾಲು ಕುಡಿಸಿ, ತೊಟ್ಟಿಲು ತೂಗಿ, ಸಂಜೆಯವರೆಗೆ ಕಾಯುವ ಕೆಲಸ. 'ಲುಕ್ ಅಟ್' ಎಂಬುದಕ್ಕೂ 'ಲುಕ್ ಆಫ್ಟರ್' ಎಂಬುದಕ್ಕೂ ಇರುವ ಅಂತರ ಇದೇ ಅಲ್ಲವೆ? 'ಹೇಳು' ಎಂಬುದಕ್ಕೆ 'ಕೊಡು' ಸೇರಿದರೆ ಹೇಳಿಕೊಡು, ಅಂದರೆ ಬೋಧಿಸು. 'ಕಂಡು' 'ಹಿಡಿ'ದರೆ ಶೋಧನೆ, ಇಂಗ್ಲಿಷಿನ 'ಫೈಂಡ್ ಔಟ್'. 'ಬಿಟ್ಟು' 'ಕೊಟ್ಟ'ರೆ 'ಗಿವ್ ಅಪ್'. 'ಎದ್ದು' 'ಕಂಡ'ರೆ 'ಸ್ಟ್ಯಾಂಡ್ ಔಟ್'. 'ಮುಂದೆ ಹಾಕು' ಎಂಬುದು 'ಪುಟ್ ಆಫ್'. 'ಹಿಂದೆ ಬೀಳು' ಎಂಬುದು 'ಫಾಲ್ ಬಿಹೈಂಡ್'. ಇವೆರಡರಲ್ಲಿ ಕಟ್ಟಿನ ರೀತಿಯೂ ಹತ್ತಿರ ಹತ್ತಿರ ಒಂದೇ.

ಅರ್ಥಕ್ಕೆ ಸಿಕ್ಕದ ವಿಚಿತ್ರಗಳಲ್ಲಿಯೂ ನಾವು ಹಿಂದೆ ಬಿದ್ದಿಲ್ಲ. 'ಬಸ್ಸು ನಿಂತುಹೋಯಿತು' ಎನ್ನುತ್ತೇವೆ. ನಿಂತದ್ದು ಹೋದದ್ದು ಹೇಗೆ? ಹೋಗಿದ್ದರೆ ನಿಂತದ್ದು ಯಾವುದು? 'ಮನೆ ಸುಟ್ಟುಹೋಯಿತು' ಎನ್ನುತ್ತೇವೆ. ಸುಟ್ಟ ಮೇಲೆ ಅದು ಹೋಗುವುದಾದರೂ ಎಲ್ಲಿಗೆ? ನಾಗಮಂಗಲದ ಕಡೆಯ ನಮ್ಮ ಅಜ್ಜಿ, ಮೊಮ್ಮಗ ಬೆಲ್ಲದ ಅಚ್ಚನ್ನು ಖಾಲಿ ಮಾಡಿದನೆಂದು, 'ಎಲ್ಲಾನೂ ತಿಂದಾಕ್ಬುಟ್ಟ' ಎನ್ನುತ್ತಾಳೆ. ತಿಂದದ್ದು ಒಂದು, ಹಾಕಿದ್ದು ಇನ್ನೊಂದು, ಬಿಟ್ಟದ್ದು ಮತ್ತೊಂದು. ಮೂರೂ ಸೇರಿ ಒಂದೇ ಕ್ರಿಯೆ! 'ಈಟ್ ಅಪ್' ಎಂಬುದರ 'ಅಪ್' ಮಾಡುವ ಕೆಲಸವನ್ನೇ ಇಲ್ಲಿ 'ಹಾಕು', 'ಬಿಡು'ಗಳು ಮಾಡುತ್ತವೆ: ಚೂರೂ ಉಳಿಸದೆ ಮುಗಿಸಿದ ಎಂಬ ಅರ್ಥವನ್ನೂ, ಜೊತೆಗೆ ಹೇಳುವವರ ಕೋಪವನ್ನೂ ತರುತ್ತವೆ. ಜರ್ಮನಿಯಲ್ಲಿ ಹುಟ್ಟಿ, ನಮ್ಮ ನಾಡಿಗೆ ಬಂದು, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಕೊಟ್ಟ ಕಿಟೆಲ್ ಸಾಹೇಬರು ಈ 'ಹಾಕಿ-ಬಿಟ್ಟು-ಹೋಗಿ'ಗಳ ಕಾಡನ್ನು ದಾಟಿದವರೇ ಅಲ್ಲವೆ? ನಮ್ಮ ಅಜ್ಜಿ ಓದು ಬರಹ ಕಲಿತವಳಲ್ಲ. ಆದರೂ ಎಲ್ಲಿ 'ಬಿಡು' ಸೇರಬೇಕು, ಎಲ್ಲಿ 'ಹಾಕು' ಸೇರಬೇಕು, ಎಲ್ಲಿ 'ಕೊಡು' ಸೇರಬೇಕು ಎಂಬುದರಲ್ಲಿ ಅವಳು ಒಂದು ದಿನವೂ ತಪ್ಪಿದ್ದನ್ನು ನಾನು ಕೇಳಿಲ್ಲ. ಅವಳಿಗೆ ಯಾರೂ ಪಟ್ಟಿ ಕೊಟ್ಟಿರಲಿಲ್ಲ. ವಾಕ್ಯಗಳನ್ನು ಕೇಳಿದ್ದಳು, ವಾಕ್ಯಗಳನ್ನಾಡಿದ್ದಳು.

ಪಟ್ಟಿಯನ್ನು ಬಿಟ್ಟು ವಾಕ್ಯವನ್ನು ಹಿಡಿಯಬೇಕು ಎಂಬುದೇ ನನಗೆ ತೋರಿದ ತತ್ತ್ವ. ಅದರಂತೆ ನಾವು ನಾಲ್ಕು ಮಂದಿ ಸಹಪಾಠಿಗಳು, ತಾಲ್ಲೂಕಿಗೊಬ್ಬರಂತೆ, ಒಂದು ಪದ್ಧತಿಯನ್ನು ಮಾಡಿಕೊಂಡೆವು. ದಿನಕ್ಕೊಂದು ಬಾಲಂಗೋಚಿ, ಅದನ್ನು ನಮ್ಮ ಕಣ್ಣಿಗೆ ಬಿದ್ದ ಸಂಗತಿಯ ಮೇಲೆಯೇ ವಾಕ್ಯ ಮಾಡಿ ಹೇಳಬೇಕು, ಗೈಡಿನ ಜಾನನೂ ಮೇರಿಯೂ ಬರಕೂಡದು. ಮೊದಲು ಸುಲಭವಾದ ಬಗೆ: 'ಸಿಟ್ ಡೌನ್', 'ಕಮ್ ಬ್ಯಾಕ್', 'ಗೆಟ್ ಆಫ್'. ಇವುಗಳ ಅರ್ಥ ಮೈಮೇಲೆಯೇ ಕಾಣುತ್ತದೆ. ಎರಡನೆಯದು 'ಈಟ್ ಅಪ್', 'ಯೂಸ್ ಅಪ್', 'ಡ್ರೈ ಅಪ್' ಎಂಬ ಅಜ್ಜಿಯ ಬಗೆ; ಕ್ರಿಯೆ ಪೂರ್ತಿಯಾಯಿತೆಂದು ಬಾಲ ಸಾರುತ್ತದೆ. ನಾಗಮಂಗಲದ ಗೆಳತಿ ಬೇಸಗೆಯಲ್ಲಿ 'ದ ಟ್ಯಾಂಕ್ ಹ್ಯಾಸ್ ಡ್ರೈಡ್ ಅಪ್' ಎಂದಾಗ, ಕೆರೆ ಬತ್ತಿಹೋದದ್ದನ್ನು ಕಂಡ ನಮಗೆ ಯಾರೂ ಅರ್ಥ ಹೇಳಬೇಕಾಗಲಿಲ್ಲ. ಮೂರನೆಯದು 'ಕಾಲ್ ಆಫ್', 'ಪುಟ್ ಅಪ್ ವಿತ್' ಎಂಬ ಕಠಿಣ ಬಗೆ. ಇವನ್ನು ನಮ್ಮ 'ಹೇಳಿಕೊಡು', 'ಕಂಡುಹಿಡಿ'ಗಳಂತೆ ಇಡಿಯಾಗಿಯೇ ನುಂಗಬೇಕು. ಬಿಡಿಸಹೋದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ.

ಪಾಂಡವಪುರದ ಗೆಳೆಯನ ಪಾಲಿಗೆ ಬಂದದ್ದು ಗದ್ದೆಯ ಪಂಪುಸೆಟ್ಟು. ಅದರಿಂದ ಒಂದು ಮುಖ್ಯವಾದ ಸೂತ್ರ ದೊರೆಯಿತು. 'ಟರ್ನ್ ಆಫ್ ದ ಪಂಪ್' ಎನ್ನಬಹುದು. 'ಟರ್ನ್ ದ ಪಂಪ್ ಆಫ್' ಎಂದು ಪಂಪನ್ನು ನಡುವೆ ಕೂರಿಸಲೂಬಹುದು. ಆದರೆ ಪಂಪಿನ ಬದಲು 'ಇಟ್' ಬಂದರೆ ಅದಕ್ಕೆ ನಡುವೆಯೇ ಸ್ಥಾನ: 'ಟರ್ನ್ ಇಟ್ ಆಫ್.' 'ಟರ್ನ್ ಆಫ್ ಇಟ್' ಎಂದರೆ ಇಂಗ್ಲಿಷಿನವರು ಒಪ್ಪುವುದಿಲ್ಲ. ಮಕ್ಕಳು ಅಪ್ಪ ಅಮ್ಮಂದಿರ ನಡುವೆ ಮಲಗುವಂತೆ ಈ ಪುಟ್ಟ ಸರ್ವನಾಮ ಎರಡರ ನಡುವೆ ಮಲಗಬೇಕು. ಎಲ್ಲ ಜೋಡಿಗಳೂ ಹೀಗೆ ಎಡೆಗೊಡುವುದಿಲ್ಲ. 'ಲುಕ್ ಆಫ್ಟರ್ ಇಟ್' ಎಂಬುದರ ನಡುವೆ ಯಾರಿಗೂ ಪ್ರವೇಶವಿಲ್ಲ. ಕನ್ನಡದಲ್ಲಿಯೂ 'ನೋಡಿಯೇಬಿಟ್ಟೆ' ಎಂದು ಒಂದು 'ಏ'ಕಾರ ನುಸುಳಬಹುದೇ ಹೊರತು, ನೋಡಿದ ವಸ್ತುವನ್ನು 'ನೋಡಿ', 'ಬಿಟ್ಟೆ'ಗಳ ನಡುವೆ ಸೇರಿಸಲಾಗುವುದಿಲ್ಲ. ಉಚ್ಚಾರಣೆಯಲ್ಲಿಯೂ ಒಂದು ಗುಟ್ಟಿದೆ. 'ದ ಬಸ್ ಬ್ರೋಕ್ ಡೌನ್' ಎಂದು ಕ್ರಿಯೆಯಾಗಿ ಹೇಳುವಾಗ 'ಡೌನ್' ಮೇಲೆ ಒತ್ತು. 'ಎ ಬ್ರೇಕ್‌ಡೌನ್' ಎಂದು ನಾಮಪದವಾದಾಗ 'ಬ್ರೇಕ್' ಮೇಲೆ ಒತ್ತು.

ಶ್ರೀರಂಗಪಟ್ಟಣದ ಗೆಳೆಯ ಕೋಟೆಯನ್ನೇ ಪಾಠಶಾಲೆ ಮಾಡಿದ. ಒಂದು ಭಾನುವಾರ ನಾವೆಲ್ಲ ಅವನೊಡನೆ ಗೋಡೆಯ ಮೇಲೆ ಕುಳಿತು ಚರಿತ್ರೆಯನ್ನು ಬಾಲಂಗೋಚಿಗಳಲ್ಲಿ ಹೇಳಿದೆವು. 1792ರಲ್ಲಿ ಟಿಪ್ಪು ಸುಲ್ತಾನ ಮಣಿಯಬೇಕಾಯಿತು: 'ಗೇವ್ ಇನ್.' ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟ: 'ಗೇವ್ ಅಪ್.' ಇಬ್ಬರು ಮಕ್ಕಳನ್ನು ಒತ್ತೆಯಾಗಿ ಒಪ್ಪಿಸಿದ: 'ಹ್ಯಾಂಡೆಡ್ ಓವರ್.' 1794ರಲ್ಲಿ ಅವರನ್ನು ಹಿಂದಕ್ಕೆ ಕಳಿಸಿದರು: 'ಸೆಂಟ್ ಬ್ಯಾಕ್.' 1799ರಲ್ಲಿ ಮತ್ತೆ ಮುತ್ತಿಗೆಯಾದಾಗ ಕೋಟೆ ಕೆಲವು ವಾರ ತಾಳಿಕೊಂಡಿತು: 'ಹೆಲ್ಡ್ ಔಟ್.' ಮೇ 4ರಂದು ಇಂಗ್ಲಿಷರ ಸೈನ್ಯ ಒಡೆದ ಗೋಡೆಯ ಮೂಲಕ ಒಳನುಗ್ಗಿತು: 'ಬ್ರೋಕ್ ಥ್ರೂ.' ಸುಲ್ತಾನ ಈ ಸಲ ಮಣಿಯಲಿಲ್ಲ, ಹೋರಾಡುತ್ತ ಮಡಿದ. 'ಗೇವ್ ಇನ್' ಎಂಬುದಕ್ಕೂ 'ಗೇವ್ ಅಪ್' ಎಂಬುದಕ್ಕೂ ಇರುವ ಭೇದವನ್ನು ಆ ಕಲ್ಲುಗಳ ಮೇಲೆ ಕುಳಿತು ಕಲಿತವನು ಜನ್ಮದಲ್ಲಿ ಮರೆಯಲಾರ. ಯಾರ ಭಾಷೆ ಯಾರ ಕಥೆಯನ್ನು ಹೇಳುತ್ತಿದೆ ಎಂಬ ಯೋಚನೆಯೂ ಆಗ ಮನಸ್ಸಿಗೆ ಬಾರದೆ ಇರಲಿಲ್ಲ. ಗೆದ್ದವರು ಹೋದರು, ಅವರ ಭಾಷೆ ಉಳಿಯಿತು. ಈಗ ಅದು ನಮ್ಮ ಕೈಗೆ ಸಿಕ್ಕ ಸಲಕರಣೆ. ಹಿಡಿ ಗೊತ್ತಿದ್ದವನಿಗೆ ಕೆಲಸಕ್ಕೆ ಬರುತ್ತದೆ.

ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಬೇಕು. ನಾವು ಇಂಗ್ಲಿಷಿನಲ್ಲಿ ಕಲಿಯುವುದು ಹೆಚ್ಚಾಗಿ ಲ್ಯಾಟಿನ್, ಫ್ರೆಂಚ್ ಮೂಲದ ಭಾರಿ ಶಬ್ದಗಳನ್ನು. 'ಪುಟ್ ಆಫ್' ಎನ್ನುವಲ್ಲಿ 'ಪೋಸ್ಟ್‌ಪೋನ್', 'ಪುಟ್ ಔಟ್' ಎನ್ನುವಲ್ಲಿ 'ಎಕ್ಸ್‌ಟಿಂಗ್ವಿಷ್', 'ಪುಟ್ ಅಪ್ ವಿತ್' ಎನ್ನುವಲ್ಲಿ 'ಟಾಲರೇಟ್'. ಇದು ಹೇಗೆಂದರೆ, ಮನೆಯಲ್ಲಿ ಕುಳಿತು 'ಅಮ್ಮಾ, ಮುದ್ದೆಯನ್ನು ಸೇವಿಸುತ್ತೇನೆ' ಎಂದಂತೆ. ಅರ್ಥವೇನೋ ಸರಿ, ಅಮ್ಮ ಮಾತ್ರ ಮಗನಿಗೆ ಏನಾಯಿತೆಂದು ಹಣೆ ಮುಟ್ಟಿ ನೋಡುತ್ತಾಳೆ. ಸಂಸ್ಕೃತದ ಶಬ್ದಕ್ಕೂ ಅಚ್ಚಗನ್ನಡದ ಮಾತಿಗೂ ಇರುವ ಈ ಭೇದವನ್ನು ಬಲ್ಲ ಕನ್ನಡಿಗನಿಗೆ ಇಂಗ್ಲಿಷಿನ ಈ ಎರಡು ಪದರುಗಳನ್ನು ಬಿಡಿಸಿ ಹೇಳಬೇಕಾಗಿಲ್ಲ. ಅರ್ಜಿಗೆ ಒಂದು, ಅಡುಗೆಮನೆಗೆ ಒಂದು. ಒಮ್ಮೊಮ್ಮೆ ಒಂದೇ ಬಾಲ ದೇಶಕ್ಕೊಂದು ಅರ್ಥ ಕೊಡುವುದೂ ಉಂಟು. 'ಕಳೆದ ವರ್ಷ ಕಾಲೇಜಿನಿಂದ ಪಾಸ್ ಔಟ್ ಆದೆ' ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಇಂಗ್ಲೆಂಡಿನಲ್ಲಿ ಹಾಗೆಂದರೆ ಕಾಲೇಜಿನಲ್ಲಿ ಮೂರ್ಛೆ ಹೋದಿರೇನು ಎಂದು ಕೇಳಿಯಾರು.

'ನಮ್ಮಂಥೋರಿಗಲ್ಲ' ಎಂಬ ಮಾತಿಗೆ ಈ ನೆಲದ ಹಿರಿಯರೇ ಉತ್ತರ ಹೇಳಿದ್ದಾರೆ. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದು, 1926ರಲ್ಲಿ 'ಇಂಗ್ಲಿಷ್ ಗೀತಗಳು' ಎಂಬ ಪುಸ್ತಕದಿಂದ ಕನ್ನಡ ಕವಿತೆಗೆ ಹೊಸ ದಾರಿ ತೆರೆದ ಬಿ. ಎಂ. ಶ್ರೀಕಂಠಯ್ಯನವರ ಹೆಸರಿನ ಮೊದಲ ಅಕ್ಷರ ಯಾವ ಊರಿನದು? ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನದು. ಮೈಸೂರಿನಲ್ಲಿ ಇಂಗ್ಲಿಷ್ ಪಾಠ ಹೇಳಿ, ಕನ್ನಡದಲ್ಲಿ ಲಲಿತ ಪ್ರಬಂಧಗಳನ್ನು ಬರೆದ ಎ. ಎನ್. ಮೂರ್ತಿರಾಯರು ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನವರು. ಪತ್ರಿಕೆಯ ಮೂಲಕ ಸಾವಿರಾರು ಓದುಗರ ಪದಸಂದೇಹಗಳನ್ನು ಪರಿಹರಿಸುತ್ತ, 2021ರಲ್ಲಿ 107ರ ವಯಸ್ಸಿನಲ್ಲಿ ನಮ್ಮನ್ನಗಲಿದ ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರ 'ಜಿ' ಎಂದರೆ ಶ್ರೀರಂಗಪಟ್ಟಣದ ಮಗ್ಗುಲಿನ ಗಂಜಾಂ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆ ಪು.ತಿ.ನ. ಅವರನ್ನು ಕೊಟ್ಟಿತು. ಇವರು ಯಾರೂ ಇಂಗ್ಲಿಷ್ ಬಂದಿತೆಂದು ಕನ್ನಡವನ್ನು ಕೆಳಗಿಟ್ಟವರಲ್ಲ. ಕನ್ನಡ ಬರುತ್ತದೆಂದು ಇಂಗ್ಲಿಷಿಗೆ ಹೆದರಿದವರೂ ಅಲ್ಲ. ಅವರು ನಡೆದ ಮಣ್ಣಿನ ಮೇಲೆಯೇ ನಮ್ಮ ಬಸ್ಸುಗಳು ಈಗ ಓಡುತ್ತಿವೆ.

ಭಾವನಿಗೆ ನಾನು ಈ ಹಿರಿಯರ ಹೆಸರುಗಳನ್ನು ಹೇಳಿದಾಗ ಅವನು ಮನಸೋಲಲಿಲ್ಲ. 'ಅವ್ರು ದೊಡ್ಡೋರು' ಎಂದುಬಿಟ್ಟ. ಅವನನ್ನು ಸೋಲಿಸಿದ್ದು 'ನೋಡಿಕೊ' ಎಂಬ ಒಂದು ಪದ. 'ನೋಡು'ವಿಗೂ 'ನೋಡಿಕೊ'ವಿಗೂ ವ್ಯತ್ಯಾಸ ನಿನಗೆ ಯಾರು ಹೇಳಿಕೊಟ್ಟರು ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಯಾರೂ ಇಲ್ಲ ಕಣೋ, ಅದು ಬತ್ತದೆ' ಎಂದ. 'ಬರುತ್ತದೆ' ಎಂಬ ಆ ಮಾತಿನಲ್ಲಿಯೇ ಎಲ್ಲವೂ ಇದೆ. ಈಗ ಅವನು ಆಗಾಗ ಫೋನಿನಲ್ಲಿ ನನಗೊಂದು ವಾಕ್ಯ ಕಳಿಸುತ್ತಾನೆ. ಕಳೆದ ವಾರದ್ದು, ಹಸುವಿನ ವಿಷಯ: ಹಗ್ಗ ಕಿತ್ತುಕೊಂಡು ಓಡಿಹೋಯಿತೆಂದು 'ರ‍್ಯಾನ್ ಅವೇ' ಎಂದು ಬರೆದಿದ್ದ. ಮತ್ತೆರಡು ಕಡೆ ಅರ್ಜಿಯನ್ನೂ ಹಾಕಿದ್ದಾನೆ. ಕೆಲಸ ಸಿಕ್ಕೀತೋ ಇಲ್ಲವೋ ನಾನರಿಯೆ. ಕರೆದಿದ್ದಾರೋ ಬೇಡವೆಂದಿದ್ದಾರೋ ಎಂಬುದನ್ನು ಅವನು ತಾನೇ ಓದಿಕೊಳ್ಳುತ್ತಾನೆ.

ಸಹಪಾಠಿ ಮಿತ್ರರಲ್ಲಿ ನನ್ನದೊಂದು ವಿಜ್ಞಾಪನೆ. ಗೈಡಿನ ಪಟ್ಟಿಯನ್ನು ಪರೀಕ್ಷೆಯ ಹಿಂದಿನ ರಾತ್ರಿಗೆ ಬಿಡಿ. ಅದು ಎಲ್ಲಿಗೂ ಓಡಿಹೋಗುವುದಿಲ್ಲ. ದಿನಕ್ಕೊಂದು ಬಾಲಂಗೋಚಿಯನ್ನು ಹಿಡಿದು ನಿಮ್ಮ ಗದ್ದೆ, ನಿಮ್ಮ ಬಸ್ಸು, ನಿಮ್ಮ ಅಡುಗೆಮನೆಯ ಮೇಲೆ ಹಾರಿಸಿ ನೋಡಿ. ಅಧ್ಯಾಪಕರಲ್ಲಿಯೂ ವಿನಯದಿಂದ ಒಂದು ಮಾತು. ಪ್ರಶ್ನೆಪತ್ರಿಕೆಯಲ್ಲಿ ಅರ್ಥ ಬರೆಯಿರೆಂದು ಕೇಳುವ ಕಡೆ, ನಿಮ್ಮ ಊರಿನ ಸಂಗತಿಯೊಂದನ್ನು ವಾಕ್ಯವಾಗಿ ಬರೆಯಿರೆಂದು ಕೇಳಿದರೆ, ನಾಲ್ಕು ತಾಲ್ಲೂಕುಗಳ ಸಮಾಚಾರವೂ ತಮಗೆ ದೊರೆಯುತ್ತದೆ, ನಮ್ಮ ಭಯವೂ ಕೊಂಚ ಕಡಿಮೆಯಾಗುತ್ತದೆ. ಹಳ್ಳಿಯ ಹುಡುಗರ ಪಾಲಿಗೆ 'ಡ್ರಾಪ್ ಔಟ್' ಎಂಬ ಒಂದು ಬಾಲಂಗೋಚಿಯನ್ನು ಎಲ್ಲರೂ ಚೆನ್ನಾಗಿ ಕಲಿತಿದ್ದಾರೆ. 'ಕ್ಯಾಚ್ ಅಪ್' ಎಂಬ ಇನ್ನೊಂದಿದೆ. ಹಿಂದೆ ಬಿದ್ದವನು ಓಡಿಬಂದು ಜೊತೆಗೂಡುವುದು ಎಂದು ಅದರ ಅರ್ಥ. ನಾಳೆಯ ವಾಕ್ಯಕ್ಕೆ ಅದನ್ನೇ ತೆಗೆದುಕೊಳ್ಳಬಹುದು.